ಒಂಟಿ ಹೆಸರು

“ಅತ್ತೆ ಪಾತ್ರ ನಿಮ್ದು ಮೇಡಂ” ಎಂದು ಸ್ಟುಡಿಯೊ ಮಾಲೀಕರು ಫೋನಿನಲ್ಲಿ ಹೇಳಿದಾಗ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಲೆ ಆರಿಸಿ, “ಹಾಗಾದ್ರೆ ಸೊಸೆ ಯಾರು?” ಎಂದು ಕೇಳಿದೆ. “ಹೊಸಬ್ಳು ಒಬ್ಳು ಸಿಕ್ಕಿದಾಳೆ. ಉದಯಗಿರಿ ಹುಡುಗಿ. ಒಂದ್ಸಲ ಕೇಳಿ ನೋಡಿ, ನಿಮ್ಗೇ ಖುಷಿಯಾಗುತ್ತೆ” ಎಂದರು. ನನಗೇಕೆ ಖುಷಿಯಾಗಬೇಕು? ಸೊಸೆಯ ಪಾತ್ರಕ್ಕೆ ನಾನಾಗಲೇ ಮನೆಯಲ್ಲಿ ಅಭ್ಯಾಸ ಶುರು ಮಾಡಿಬಿಟ್ಟಿದ್ದೆ. ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಹಸ್ತಪ್ರತಿಯ ತುಂಬ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದೆ. ಅವತ್ತಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ನಾವು ಆಡಿಯೊ ಪುಸ್ತಕ ಮಾಡಬೇಕಿದ್ದದ್ದು ಒಂದು ಹೊಸ ಕಾದಂಬರಿಯನ್ನು. ಕಥೆ ಮುಂದೆಂದೋ ಬರಲಿರುವ ಒಂದು ಊರಿನದು. ಆ ಊರಿನ ಮನೆಗಳ ಬಾಗಿಲಿಗೆ ಬೀಗದಕೈ ಇಲ್ಲ. ಬಾಗಿಲು ದನಿಗೆ ತೆರೆಯುತ್ತದೆ, ಅದೂ ಆ ಮನೆಯ ಗಂಡಸಿನ ದನಿಗೆ ಮಾತ್ರ. ಹೆಂಗಸು ಎಷ್ಟು ಕೂಗಿಕೊಂಡರೂ ಅದು ಅಲ್ಲಾಡುವುದಿಲ್ಲ. ಅಂಥ ಒಂದು ಮನೆಯ ಸೊಸೆ, ಗಂಡ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೂತು, ಗಂಡನ ದನಿಯಲ್ಲಿ ‘ತೆಗೆ’ ಎಂದು ಹೇಳುವುದನ್ನು ಕಲಿಯುತ್ತಾಳೆ. ಅದು ಅತ್ತೆಯ ಕಿವಿಗೆ ಬೀಳುತ್ತದೆ. ಅತ್ತೆ ಹೊಡೆಯುವುದಿಲ್ಲ, ಬೈಯುವುದಿಲ್ಲ. ಪಕ್ಕದಲ್ಲಿ ಕೂತು ಮಾತಾಡುತ್ತಾಳೆ. ಕಾದಂಬರಿಯ ಜೀವವೆಲ್ಲ ಆ ಮಾತುಕತೆಯಲ್ಲೇ ಇದೆ.

ನನ್ನ ದನಿ ಮೊದಲಿನಿಂದಲೂ ಸ್ವಲ್ಪ ಗಡಸು. ಗಂಡಸಿನ ದನಿ ತೆಗೆಯುವ ಹೆಂಗಸಿನ ಪಾತ್ರವೆಂದರೆ ಅದು ನನಗಾಗಿಯೇ ಬರೆದದ್ದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ವಯಸ್ಸು ಐವತ್ತು ದಾಟಿದೆ, ನಿಜ. ಆದರೆ ಮೈಕಿಗೆ ನರೆಗೂದಲು ಕಾಣುತ್ತದೆಯೇ? ರೇಡಿಯೊದಲ್ಲಿ ಅಷ್ಟು ವರ್ಷ ಓದಿದವಳನ್ನು ಬಿಟ್ಟು ನಿನ್ನೆ ಮೊನ್ನೆ ಬಂದವಳಿಗೆ ಕೊಟ್ಟರಲ್ಲ ಎಂದು ಹೊಟ್ಟೆ ಉರಿಯಿತು. ಬೇರೆ ಹೆಸರಿಟ್ಟು ಕರೆಯುವ ಅಗತ್ಯವಿಲ್ಲ, ಅದು ಹೊಟ್ಟೆಕಿಚ್ಚೇ.

ಸ್ಟುಡಿಯೊ ಇರುವುದು ರಾಮಕೃಷ್ಣನಗರದ ಒಂದು ಮನೆಯ ಮಹಡಿಯಲ್ಲಿ. ಮಕ್ಕಳ ಕೋಣೆಯಾಗಿದ್ದದ್ದನ್ನು ಮಾಲೀಕರು ಫೋಮ್ ಹೊಡೆಸಿ, ಗಾಜು ಕೂರಿಸಿ ರೆಕಾರ್ಡಿಂಗ್ ಕೋಣೆ ಮಾಡಿದ್ದಾರೆ. ಒಳಗೆ ಹೋದರೆ ಫ್ಯಾನಿಲ್ಲ. ಬಳೆ ಬಿಚ್ಚಿಡಬೇಕು. ಗಂಜಿ ಹಾಕಿದ ಸೀರೆ ಉಟ್ಟರೆ ಸರಪರ ಎನ್ನುತ್ತದೆ, ಹಾಗಾಗಿ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯೇ ಬೇಕು. ಬಾಯಿ ಒಣಗಿದರೆ ನಾಲಿಗೆಯ ಚಟಚಟ ಮೈಕಿಗೆ ಸಿಕ್ಕಿಬಿಡುತ್ತದೆ. ಅದಕ್ಕೆ ಹುಳಿ ಸೇಬಿನ ಹೋಳು, ಉಗುರುಬೆಚ್ಚಗಿನ ನೀರು. ಕೆಳಗಡೆ ಮಾಲೀಕರ ತಾಯಿ ಕುಕ್ಕರ್ ಇಟ್ಟರೆ ಸೀಟಿ ಮುಗಿಯುವವರೆಗೆ ನಮ್ಮ ಕೆಲಸ ನಿಲ್ಲುತ್ತದೆ. ಇಬ್ಬರು ಓದುವ ಪುಸ್ತಕವಾದರೂ ಕೋಣೆಯೊಳಗೆ ಒಬ್ಬರೇ ಇರುತ್ತೇವೆ. ಮೊದಲು ಒಬ್ಬರ ಮಾತು ರೆಕಾರ್ಡ್ ಆಗುತ್ತದೆ. ಆಮೇಲೆ ಇನ್ನೊಬ್ಬರು ಅದನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಳ್ಳುತ್ತಾ ತಮ್ಮ ಉತ್ತರ ಹೇಳುತ್ತಾರೆ.

ಹುಡುಗಿ ಮೊದಲ ದಿನ ಸ್ಕೂಟರಿನಲ್ಲಿ ಬಂದಳು. ಅಪ್ಪ ಉದಯಗಿರಿಯಲ್ಲಿ ಟೂ ವೀಲರ್ ಮೆಕ್ಯಾನಿಕ್. ಇವಳು ಎಂ.ಎ. ಓದುತ್ತಿದ್ದಳು. ಮದುವೆ ಗೊತ್ತಾಗಿತ್ತು, ಬೆರಳಲ್ಲಿ ಹೊಸ ಉಂಗುರವಿತ್ತು. ನನಗೆ ನಮಸ್ಕಾರ ಮಾಡಿ, “ನಿಮ್ ದನಿ ಚಿಕ್ಕೋಳಿದ್ದಾಗಿಂದ ಕೇಳಿದೀನಿ ಮೇಡಂ” ಅಂದಳು. ಹೊಗಳಿದಳೋ ವಯಸ್ಸು ನೆನಪಿಸಿದಳೋ ತಿಳಿಯಲಿಲ್ಲ.

ಅವತ್ತು ಮೊದಲು ತೆಗೆದುಕೊಂಡದ್ದೇ ‘ತೆಗೆ’ ಇರುವ ಪುಟ. ನಾನು ಗಾಜಿನ ಈಚೆ, ಮಾಲೀಕರ ಪಕ್ಕ, ಎರಡನೇ ಹೆಡ್‌ಫೋನ್ ಹಾಕಿಕೊಂಡು ಕೂತೆ. ತೆಳ್ಳಗಿನ ದನಿ, ಗಂಡಸಿನ ಹಾಗೆ ಇಳಿಸಲು ಹೋಗಿ ಒಡೆದುಹೋಗುತ್ತದೆ, ಆಗ ನನ್ನನ್ನೇ ಕರೆಯುತ್ತಾರೆ ಎಂದು ಕಾಯುತ್ತಿದ್ದೆ. ಅವಳು ದನಿಯನ್ನು ಇಳಿಸಲೇ ಇಲ್ಲ. ಇದ್ದ ದನಿಯಲ್ಲೇ, ದಣಿದು ಬಂದವರ ಹಾಗೆ, ಬೇರೆಲ್ಲೋ ನೋಡುತ್ತಾ ಹೇಳಿದ ಹಾಗೆ ‘ತೆಗೆ’ ಅಂದಳು. ಅದು ಗಂಡಸೇ. ಮಾಲೀಕರು ಎರಡನೇ ಟೇಕ್ ಕೇಳಲೇ ಇಲ್ಲ. ಹೊರಗೆ ಬಂದ ಮೇಲೆ ಎಲ್ಲಿ ಕಲಿತೆಯಮ್ಮ ಎಂದು ಕೇಳಿದೆ. “ಗಂಡಸ್ರು ಬಾಗ್ಲತ್ರ ಕೇಳ್ಕೊಳಲ್ಲ ಅಲ್ವಾ ಮೇಡಂ. ಹೇಳ್ತಾರೆ, ಅಷ್ಟೆ” ಅಂದಳು. ಮನೆಗೆ ಹೋಗಿ ನಾನೂ ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ನನ್ನದು ದಪ್ಪ ದನಿ ಮಾಡಿದ ಹೆಂಗಸಿನ ಹಾಗೆಯೇ ಇತ್ತು.

ಮುಂದಿನ ವಾರವೆಲ್ಲ ನನಗೆ ಅವಮಾನವೇ. ನನ್ನ ಅತ್ತೆ ಸರಿಬರಲಿಲ್ಲ. ನಾನು ಹಲ್ಲು ಕಚ್ಚಿ ಓದಿದರೆ ಮಾಲೀಕರು ಗಾಜಿನಾಚೆಯಿಂದ, “ಮೇಡಂ, ಇದು ಕಂಪನಿ ನಾಟಕದ ರಾಕ್ಷಸಿ ಥರ ಆಯ್ತು” ಎನ್ನುತ್ತಿದ್ದರು. ತಗ್ಗಿಸಿ ಓದಿದರೆ, “ವಾರ್ತೆ ಓದ್ದಂಗಿದೆ” ಎನ್ನುತ್ತಿದ್ದರು. ಸಿಹಿ ಮಾಡಿದರೆ, “ಇದು ಸೋಪಿನ ಜಾಹೀರಾತು” ಅಂದರು. ನಾನು ಮೈಕ್ ಸರಿಯಿಲ್ಲ ಅಂದೆ. ಮೈಕ್ ಬದಲಾಯಿಸಿದರು. ಬರವಣಿಗೆಯೇ ಪೇಲವ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಅವರ ಮುಖದ ಮೇಲೇ ಇತ್ತು. ಆ ಹೊತ್ತಿಗೆ ಹುಡುಗಿ ತಾನೊಬ್ಬಳೇ ಓದಬೇಕಿದ್ದ ಅಧ್ಯಾಯಗಳನ್ನೆಲ್ಲ ಮುಗಿಸಿ, ನನ್ನ ಅತ್ತೆಗಾಗಿ ಕಾಯುತ್ತಾ ಹೊರಗಿನ ಬೆಂಚಿನಲ್ಲಿ ಕಾಲೇಜಿನ ಪಾಠ ಓದಿಕೊಳ್ಳುತ್ತಿದ್ದಳು.

ಆ ಬೆಂಚಿನಲ್ಲೇ ಒಂದು ಮಧ್ಯಾಹ್ನ ಅವಳು ಮಾಲೀಕರಿಗೆ ವಿಷಯ ಹೇಳಿದ್ದು. ಗಂಡಿನ ಮನೆ ಕಡಕೊಳದಲ್ಲಿ. ಕಾರ್ಖಾನೆಗಳ ಹತ್ತಿರ ಅವರದೊಂದು ದಿನಸಿ ಅಂಗಡಿಯಿದೆ. ಅವಳು ಪುಸ್ತಕ ಓದುತ್ತಿರುವುದು ಅವರಿಗೆ ಗೊತ್ತಾಗಿದೆ. ಓದಲಿ ಪರವಾಗಿಲ್ಲ, ಹೆಸರು ಮಾತ್ರ ಎಲ್ಲೂ ಬರಕೂಡದು ಅಂದಿದ್ದಾರಂತೆ. “ಹೋಗ್ಲಿ ಬುಡಿ ಸರ್. ಹೆಸ್ರು ಯಾಕ್ ಬೇಕು? ಕೆಲ್ಸ ಮುಗಿದ್ರೆ ಸಾಕು” ಅಂದಳು. ಹೇಳುವಾಗ ಉಂಗುರವನ್ನು ತಿರುಗಿಸುತ್ತಿದ್ದಳು.

ಮಾಲೀಕರು ತಲೆ ಕೆರೆದುಕೊಂಡರು. ಓದಿದವರು ಯಾರು ಎಂದು ಹಾಕದೆ ಪುಸ್ತಕ ಬಿಡುವಂತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಮೇಡಂ, ನಿಮ್ಮ ಹೆಸ್ರೊಂದೇ ಹಾಕ್ಬುಡೋಣ್ವಾ? ಎರಡು ದನಿಯಲ್ಲಿ ಒಬ್ರೇ ಓದಿದಾರೆ ಅನ್ಕೊಳ್ತಾರೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ” ಅಂದರು. ಹುಡುಗಿ ಆಗಲಿ ಎಂದು ತಲೆಯಾಡಿಸಿದಳು. ನಾನು ನೋಡೋಣ ಅಂದೆ. ಬಾಯಲ್ಲಿ ನೋಡೋಣ ಅಂದೆ ಅಷ್ಟೆ, ಒಳಗೊಳಗೆ ಮಂಡಿಗೆ ಮೆಲ್ಲುತ್ತಿದ್ದೆ. ಸೊಸೆಯೂ ನನ್ನವಳೇ ಆಗಿಬಿಟ್ಟಳಲ್ಲ. ಮನೆ ತಲುಪುವವರೆಗೆ ನನ್ನ ಮುಖದಲ್ಲಿ ನಗು ಇಳಿಯಲಿಲ್ಲ.

ಮಾರನೇ ದಿನ ಮಾಲೀಕರು ಆವರೆಗಿನ ಅಧ್ಯಾಯಗಳನ್ನು ನನಗೆ ಕಳಿಸಿದರು. ಬೆಳಗಿನ ಕೆಲಸವೆಲ್ಲ ಮುಗಿಸಿ, ಇಯರ್‌ಫೋನ್ ಹಾಕಿಕೊಂಡು ಕಿಟಕಿ ಹತ್ತಿರ ಕೂತೆ. ಈ ಪುಸ್ತಕ ಹೊರಬಂದ ಮೇಲೆ ಯಾರ್ಯಾರು ಫೋನು ಮಾಡುತ್ತಾರೆ ಎಂದು ಯೋಚಿಸುತ್ತಾ ಕೇಳತೊಡಗಿದೆ. ನನ್ನ ತಂಗಿ ಮಾಡುತ್ತಾಳೆ. ರೇಡಿಯೊದ ಹಳೆಯ ಗೆಳತಿ ಮಾಡುತ್ತಾಳೆ. ಆ ‘ತೆಗೆ’ ಅಂದ್ರಲ್ಲ, ಎಂಥಾ ದನಿ ಅದು, ಎನ್ನುತ್ತಾರೆ. ನಾನು ಏನೆನ್ನಬೇಕು? ಥ್ಯಾಂಕ್ಸ್ ಅನ್ನಬೇಕು. ಅತ್ತೆಯ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಆ ಹುಡುಗಿಯನ್ನು ನನ್ನ ಹೆಸರಿಟ್ಟು ಹೊಗಳುತ್ತಾರೆ, ನಾನು ಸಾಯುವವರೆಗೆ ಅದನ್ನು ಕೇಳುತ್ತಾ ಕೂರಬೇಕು. ಅವಳ ಹೆಸರಿದ್ದರೆ ಹೇಗೋ ಸಹಿಸಿಕೊಂಡೇನು. ಇದನ್ನು ನನ್ನ ಕೈಲಿ ಸಹಿಸುವುದಕ್ಕೆ ಆಗುತ್ತಿರಲಿಲ್ಲ.

ಹಾಗಾಗಿ, ನೇರವಾಗಿ ಹೇಳುತ್ತೇನೆ, ಅವಳ ಹೆಸರು ಇರಲೇಬೇಕೆಂದು ನಾನು ಹಟ ಹಿಡಿದದ್ದು ದೊಡ್ಡತನದಿಂದಲ್ಲ. ಅವಳಿಗೆ ಫೋನು ಮಾಡಿ, “ನಿಮ್ಮತ್ತೆ ಆಗೋರ ಹತ್ರ ನಾನು ಮಾತಾಡ್ತೀನಿ, ಕರ್ಕೊಂಡ್ ಹೋಗು” ಅಂದೆ. ಅವಳು, “ಅವ್ರೂ ನಿಮ್ಮನ್ನ ನೋಡ್ಬೇಕಂತಿದ್ರು ಮೇಡಂ. ಜೊತೇಲಿ ಓದೋ ಹೆಂಗ್ಸು ಯಾರು, ಎಂಥೋರು ಅಂತ” ಅಂದಳು.

ಭಾನುವಾರ ಇಬ್ಬರೂ ನಂಜನಗೂಡು ರಸ್ತೆಯ ಬಸ್ಸು ಹತ್ತಿ ಕಡಕೊಳದಲ್ಲಿ ಇಳಿದೆವು. ಅಂಗಡಿಯ ಹಿಂದೆಯೇ ಮನೆ. ಗಂಡಿನ ತಾಯಿ, ಹಣೆಯ ಮೇಲೆ ವಿಭೂತಿ ಇಟ್ಟಿದ್ದವರು, ಬಾಗಿಲಿಗೇ ಬಂದು ಹುಡುಗಿಯ ಕೈ ಹಿಡಿದುಕೊಂಡರು, ನಾವು ಹೊರಡುವವರೆಗೂ ಆ ಕೈ ಬಿಡಲಿಲ್ಲ. ಕಾಫಿ ಬಂತು, ಕೋಡುಬಳೆ ಬಂತು. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ಹೋದವಳು ನಾನು. ಜಗಳವಾಡಲು ಅಲ್ಲಿ ಯಾರೂ ಇರಲಿಲ್ಲ.

“ನಮ್ಮನೇಗೆ ಸೊಸೆ ಅಲ್ಲ ಕಣಕ್ಕ, ಮಗ್ಳು ಬತ್ತಾವ್ಳೆ. ಅಲ್ವಾ ಮಗಾ?” ಎಂದರು. ಹುಡುಗಿ ಹೂಂ ಅಂದಳು. “ಓದ್ಲಿ, ಬೇಡ ಅಂದೋರ್ಯಾರು. ದನಿ ದ್ಯಾವ್ರು ಕೊಟ್ಟಿದ್ದು. ಅಲ್ವಾ?” ನಾನೂ ಹೂಂ ಅಂದೆ. “ಎಸ್ರು ಒಂದು ಬ್ಯಾಡ ಅಂದೆ, ಅಷ್ಟೇಯ. ಯಾರ್ ಯಾರೋ ಕೇಳ್ತಾರೆ, ಏನೇನೋ ಅಂತಾರೆ. ಇವ್ಳ ಒಳ್ಳೇದಕ್ಕೇ ತಾನೆ. ಅಲ್ವಾ ಮಗಾ?” ಹುಡುಗಿ ಮತ್ತೆ ಹೂಂ ಅಂದಳು.

ನಾನು ಲಗ್ನಪತ್ರಿಕೆಯ ಮಾತು ಎತ್ತಿದೆ. “ಪತ್ರಿಕೇಲಿ ಇವಳ ಹೆಸ್ರು ಹಾಕ್ಸಲ್ವೇ? ಅದನ್ನ ಊರೆಲ್ಲ ಓದಲ್ವೇ?”

ಆಕೆ ನಕ್ಕರು, ಬೇಸರವೇ ಇಲ್ಲದ ನಗು. “ಅಲ್ಲಿ ಮೇಲ್ಗಡೆ ಅವ್ರಪ್ಪನ ಎಸ್ರಿರ್ತದೆ. ಪಕ್ಕದಲ್ಲಿ ನನ್ ಮಗನ ಎಸ್ರಿರ್ತದೆ. ಇಲ್ಲಿ ಒಂಟಿ ಎಸ್ರು. ಎಣ್ಮಗಳ ಎಸ್ರು ಒಂಟಿಯಾಗಿ ಇರ್ಬಾರ್ದು ಕಣಕ್ಕ. ಚೆನ್ನಾಗಿರಾಕಿಲ್ಲ. ಅಲ್ವಾ?”

ನಾನು ಆಕೆಯನ್ನೇ ನೋಡುತ್ತಾ ಕೂತುಬಿಟ್ಟೆ. ಒಂದು ವಾರದಿಂದ ನನಗೆ ಸಿಗದೇ ಹೋದ ಅತ್ತೆ ನನ್ನೆದುರಿಗೆ ಕೋಡುಬಳೆ ತಟ್ಟೆ ಹಿಡಿದು ಕೂತಿದ್ದರು. ಆ ದನಿಯಲ್ಲಿ ಒಂಚೂರೂ ಒತ್ತಡವಿಲ್ಲ. ಮಾತಿನ ಕೊನೆ ಮೆತ್ತಗೆ ಇಳಿಯುತ್ತದೆ. ‘ಅಲ್ವಾ’ ಅಂದ ಮೇಲೆ ನಿಲ್ಲುತ್ತಾರೆ. ನಾವು ಹೂಂ ಅನ್ನುವ ತನಕ ಮುಂದಿನ ಮಾತಿಲ್ಲ, ಆತುರವೂ ಇಲ್ಲ. ಆ ಬಿಡುವನ್ನು ತುಂಬದೆ ಕೂತಿರಲು ಎದುರಿಗಿದ್ದವರಿಗೆ ಆಗುವುದಿಲ್ಲ. ನನ್ನ ಕಿವಿ ಅದನ್ನೆಲ್ಲ ಹೀರಿಕೊಳ್ಳುತ್ತಿತ್ತು. ಈ ದನಿಯನ್ನು ಹೊತ್ತುಕೊಂಡು ಹೋದರೆ ಈ ಹುಡುಗಿಯನ್ನು ನಾನು ಮೀರಿಸಿಬಿಡುತ್ತೇನೆ ಎಂಬ ಯೋಚನೆ ಬಂದು ಬೆನ್ನು ನೆಟ್ಟಗಾಯಿತು.

“ಒಂಟಿ ಯಾಕಾಗುತ್ತೆ? ಪಕ್ಕದಲ್ಲಿ ನನ್ನ ಹೆಸ್ರು ಇರುತ್ತಲ್ಲ” ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನನ್ನ ತಾಳಿ, ಕಾಲುಂಗುರ, ನರೆಗೂದಲು ಎಲ್ಲ ನೋಡಿದರು. “ನಿಮ್ಮೆಸ್ರು ಮೊದ್ಲು ಬರ್ತದಾ?” ಎಂದರು. ದೊಡ್ಡವಳು ನಾನು, ನನ್ನದೇ ಮೊದಲು ಅಂದೆ. “ಅಂಗಾದ್ರೆ ಆಗ್ಲಿ. ನಿಮ್ಮಂತೋರ ಜೊತೇಲಿ ಇದ್ರೆ ಯಾರೂ ಏನೂ ಅನ್ನಾಕಿಲ್ಲ” ಎಂದು ಒಪ್ಪಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಗೆದ್ದವಳು. ಅವಳ ಹೆಸರು ಉಳಿಯಿತು, ನನ್ನ ಹೆಸರು ಮೇಲೆ ಬಂತು, ಜೊತೆಗೆ ಅತ್ತೆಯ ದನಿಯೂ ಸಿಕ್ಕಿತು. ಹುಡುಗಿ ಕಿಟಕಿಯಾಚೆ ನೋಡುತ್ತಾ “ಥ್ಯಾಂಕ್ಸ್ ಮೇಡಂ” ಅಂದಳು. ಇನ್ನೂ ಸ್ವಲ್ಪ ಸಂತೋಷಪಡಬಾರದಿತ್ತೇ ಎಂದು ನನಗೆ ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ, ದನಿ ಕಿವಿಯಿಂದ ಆರಿಹೋಗುವ ಮುಂಚೆ, ನಾನು ಮೈಕಿನ ಮುಂದೆ ಕೂತಿದ್ದೆ. ಅತ್ತೆ ಸೊಸೆಯ ಪಕ್ಕ ಕೂತು ಆಡುವ ಮಾತು ಅದು: “ಬಾಗ್ಲು ತೆಗ್ದು ಎಲ್ಲಿಗೆ ಹೋಗ್ತೀಯಮ್ಮ? ಹೊರಗೇನಿದೆ? ಬರೀ ಬಿಸ್ಲು. ಇಲ್ಲಿ ನೆರಳಿದೆ, ನಾನಿದೀನಿ. ಅಲ್ವಾ?” ಮೈಕಿನಿಂದ ಒಂದು ಗೇಣು ಹಿಂದೆ ಸರಿದೆ. ಉಸಿರನ್ನು ತಳ್ಳಲಿಲ್ಲ. ಪ್ರತಿ ‘ಅಲ್ವಾ’ ಆದ ಮೇಲೂ ಕಡಕೊಳದ ಆ ತಾಯಿ ನಿಲ್ಲುವಷ್ಟೇ ಹೊತ್ತು ನಿಂತೆ. ಮಾಲೀಕರು ಒಮ್ಮೆಯೂ ತಡೆಯಲಿಲ್ಲ. ಮುಗಿದ ಮೇಲೆ, “ಮೇಡಂ, ನಂಗೇ ಭಯ ಆಯ್ತು. ಎಷ್ಟ್ ಪ್ರೀತಿ ಇದೆ ಅದ್ರಲ್ಲಿ” ಅಂದರು. ಈಗ ನೋಡೋಣ ಅಂದುಕೊಂಡು ನಾನು ಹೊರಗೆ ಬಂದೆ.

ಹುಡುಗಿ ಒಳಗೆ ಹೋದಳು. ಹೆಡ್‌ಫೋನಿನಲ್ಲಿ ನನ್ನ ಅತ್ತೆಯನ್ನು ಕೇಳಿಸಿಕೊಳ್ಳುತ್ತಾ, ಕೊನೆಯಲ್ಲಿ ಅವಳು ಹೇಳಬೇಕಿದ್ದದ್ದು ಒಂದೇ ವಾಕ್ಯ. ಅದರ ಮುಂಚೆ ಸೊಸೆಗೆ ಮಾತೇ ಇಲ್ಲ. ಆದರೆ ಮೊದಲನೇ ‘ಅಲ್ವಾ’ ಬಂದ ತಕ್ಷಣ ಅವಳು “ಹೂಂ” ಅಂದುಬಿಟ್ಟಳು. ಮಾಲೀಕರು ನಿಲ್ಲಿಸಿ, “ಅದು ಸ್ಕ್ರಿಪ್ಟಲ್ಲಿ ಇಲ್ಲಮ್ಮ. ಇನ್ನೊಂದ್ಸಲ” ಅಂದರು. ಸಾರಿ ಸರ್ ಅಂದಳು. ಮತ್ತೆ ಶುರುವಾಯಿತು. ಮತ್ತೆ ಅದೇ ಜಾಗದಲ್ಲಿ “ಹೂಂ.” ಒಂದು ಟೇಕಿಗೇ ಮುಗಿಸುವ ಹುಡುಗಿ ತಡವರಿಸುವುದನ್ನು ನೋಡಿ, ಪರಮಾತ್ಮ ಕ್ಷಮಿಸಲಿ, ನನಗೆ ತಂಪಾಯಿತು. ಮೂರನೇ ಸಲವೂ ಅವಳ ಬಾಯಿ ತಾನಾಗಿಯೇ ಹೂಂ ಅಂದಿತು.

ಅವಳು ಹೆಡ್‌ಫೋನ್ ತೆಗೆದಳು. ಗಾಜಿನೊಳಗಿನಿಂದ ನನ್ನನ್ನು ನೋಡಿದಳು. ಅದು ಯಾರ ದನಿಯೆಂದು ಅವಳಿಗೆ ಗೊತ್ತಾಗಿತ್ತು, ಅದು ಗೊತ್ತಾಗಿದೆಯೆಂದು ನನಗೂ ಗೊತ್ತಾಯಿತು. ಮೈಕ್ ಆನ್ ಇತ್ತು. “ಮೇಡಂ,” ಅಂದಳು ಮೆಲ್ಲಗೆ, “ನಾನು ಕಡಕೊಳದಲ್ಲಿ ಹೂಂ ಅನ್ನೋದು ಬಿಟ್ಟು ಬೇರೇನಾದ್ರೂ ಮಾತಾಡಿದ್ನಾ?”

ನನಗೆ ಸುಳ್ಳು ಹೇಳಲಾಗಲಿಲ್ಲ. ಇಲ್ಲ ಅಂದೆ.

ಅವಳು ನೀರು ಕುಡಿದು, ಹೆಡ್‌ಫೋನ್ ಹಾಕಿಕೊಂಡು, ಸರ್ ಹಾಕಿ ಅಂದಳು. ಈ ಸಲ ‘ಅಲ್ವಾ’ ಬಂತು. ಅವಳ ತುಟಿ ಅಲ್ಲಾಡಿತು, ಆದರೆ ಸದ್ದು ಬರಲಿಲ್ಲ. ಬಿಡುವು ಹಾಗೇ ಖಾಲಿ ಉಳಿಯಿತು. ಎರಡನೆಯದೂ ಹಾಗೇ. ಮೂರನೆಯದಾದ ಮೇಲೆ ಆ ಖಾಲಿ ಜಾಗದಲ್ಲಿ ಅತ್ತೆಯೇ ಅಸಹಾಯಕಳಾಗಿ ಕೂತಂತೆ ಕೇಳುತ್ತಿತ್ತು. ಕೊನೆಗೆ ಅವಳ ವಾಕ್ಯ: “ಏನಿದೆ ಅಂತ ನೋಡ್ಕೊಂಡು ಬರ್ತೀನಿ, ಅತ್ತೆ.” ದನಿ ಏರಲಿಲ್ಲ, ನಡುಗಲಿಲ್ಲ. ನಾನು ಕಡಕೊಳದಿಂದ ಹೊತ್ತು ತಂದದ್ದೆಲ್ಲ ಆ ಒಂದು ವಾಕ್ಯದ ಮುಂದೆ ಅವಳ ಹಿಮ್ಮೇಳವಾಗಿಬಿಟ್ಟಿತು. ಅಷ್ಟು ಕಷ್ಟಪಟ್ಟು ಅವಳನ್ನು ಇನ್ನೂ ಚೆನ್ನಾಗಿ ಕಾಣಿಸುವಂತೆ ಮಾಡಿದೆನಲ್ಲ ಎಂದು ಮನೆಯ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಕೊನೆಗೆ ಉಳಿದದ್ದು ಹೆಸರುಗಳು. ಆಡಿಯೊ ಪುಸ್ತಕದ ಮುಕ್ತಾಯದಲ್ಲಿ ಬರೆದವರು ಯಾರು, ಓದಿದವರು ಯಾರು ಎಂದು ಬಾಯಲ್ಲೇ ಹೇಳಬೇಕು. ನನ್ನ ಹೆಸರು, ಆಮೇಲೆ ‘ಮತ್ತು’, ಆಮೇಲೆ ಅವಳ ಹೆಸರು, ಎಲ್ಲವನ್ನೂ ನಾನೇ ಒಂದೇ ಉಸಿರಿನಲ್ಲಿ ಹೇಳುವುದೆಂದು ತೀರ್ಮಾನವಾಗಿತ್ತು. ಅವತ್ತು ಹುಡುಗಿ ತಡವಾಗಿ ಬಂದಳು. ಚಪ್ಪಲಿ ಬಿಡುತ್ತಲೇ ಮಾಲೀಕರಿಗೆ, “ಸರ್, ನನ್ನ ಹೆಸ್ರು ನಾನೇ ಹೇಳ್ತೀನಿ. ಅದೊಂದೇ ಹೇಳ್ತೀನಿ. ಮೇಡಂದು ಮೇಡಂ ಹೇಳ್ಲಿ. ಜೋಡ್ಸೋದು ಬೇಡ” ಅಂದಳು.

“ಕಡಕೊಳದೋರು?” ಅಂದೆ ನಾನು.

“ನಿನ್ನೆ ಹೋಗಿದ್ದೆ ಮೇಡಂ. ಅವ್ರು ಅಲ್ವಾ ಅಂದ್ರು. ನಾನು ಹೂಂ ಅನ್ಲಿಲ್ಲ. ತುಂಬಾ ಹೊತ್ತು ಕೂತಿದ್ವಿ.”

“ಆಮೇಲೆ? ಮದುವೆ?”

“ಯೋಚ್ನೆ ಮಾಡ್ತಾರಂತೆ” ಅಂದಳು. ಬೆರಳಲ್ಲಿ ಉಂಗುರವಿತ್ತು, ಅದನ್ನು ತಿರುಗಿಸುತ್ತಿರಲಿಲ್ಲ. “ನಾನೂ ಮಾಡ್ತಿದೀನಿ.”

ನಾನು ಅವಳಿಗೆ ಸಂಪಾದಿಸಿಕೊಟ್ಟ ಜಾಗ ನನ್ನ ಸೆರಗಿನ ಮರೆಯದು. ಅವಳಿಗೆ ಅದು ಬೇಡವಾಗಿತ್ತು.

ಅವಳು ಒಳಗೆ ಹೋಗಿ, ಕೂರದೆ ನಿಂತುಕೊಂಡೇ, ತನ್ನ ಹೆಸರು ಹೇಳಿದಳು. ಹಿಂದೆ ಏನಿಲ್ಲ, ಮುಂದೆ ಏನಿಲ್ಲ. ಬಾಗಿಲು ತಟ್ಟಿದಾಗ ಒಳಗಿನಿಂದ ‘ಯಾರು?’ ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು. ಮಾಲೀಕರು ಬೆರಳೆತ್ತಿ ಆಯಿತು ಅಂದರು. ಹೆಡ್‌ಫೋನಿನಲ್ಲಿ ಅದನ್ನು ಕೇಳುವಾಗ ನನಗಾದಷ್ಟು ಹೊಟ್ಟೆಕಿಚ್ಚು ಆ ಪುಸ್ತಕದ ಉದ್ದಕ್ಕೂ ಆಗಿರಲಿಲ್ಲ.

ಆಮೇಲೆ ನನ್ನ ಸರದಿ. ಮೈಕಿನ ಮುಂದೆ ಕೂತೆ, ಬೆನ್ನು ನೆಟ್ಟಗೆ ಮಾಡಿಕೊಂಡೆ, ಉಸಿರು ತೆಗೆದುಕೊಂಡೆ. ಬಾಯಿಂದ ಮೊದಲು ಬಂದದ್ದು ‘ಶ್ರೀಮತಿ’. ಆಮೇಲೆ ನನ್ನ ಹೆಸರು, ಅದರ ಬೆನ್ನಿಗೇ ನಮ್ಮ ಯಜಮಾನರ ಹೆಸರು. ರೇಡಿಯೊದಲ್ಲಿ ಅಷ್ಟು ವರ್ಷ ಹಾಗೇ ಹೇಳಿದ್ದೆ. ಮಾಲೀಕರು ನಿಲ್ಲಿಸಿ, “ಬರೀ ಹೆಸ್ರು ಸಾಕು ಮೇಡಂ” ಅಂದರು. ಸರಿ ಅಂದೆ. ಮತ್ತೆ ಹೇಳಿದೆ. ಈ ಸಲ ಶ್ರೀಮತಿ ಬರಲಿಲ್ಲ, ಆದರೆ ಹೆಸರಾದ ಮೇಲೆ ದನಿ ನಿಲ್ಲದೆ ಯಜಮಾನರದನ್ನೂ ಎಳೆದುಕೊಂಡು ಬಂತು. ಮತ್ತೊಮ್ಮೆ ಹೇಳಿದೆ. ಹೆಸರು ಅರ್ಧಕ್ಕೇ ಒಣಗಿತು.

ಗಾಜಿನಾಚೆ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ಕಾಯುತ್ತಿದ್ದಳು. ನಾನು ಸೇಬಿನ ಹೋಳು ಕಚ್ಚಿದೆ, ನೀರು ಕುಡಿದೆ. ಮಾಲೀಕರ ದನಿ ಕಿವಿಯಲ್ಲಿ ಮೆಲ್ಲಗೆ ಬಂತು. “ನಿಮ್ಮ ಹೆಸ್ರೇ ತಾನೆ ಮೇಡಂ. ಸುಮ್ನೆ ಹೇಳ್ಬುಡಿ.”